ಅಪ್ಪಣೆ ಕೇಳಿದ್ದೇ ತಪ್ಪಾದ ದಾರಿ

ಮಾನ್ಯ ಕಾಲುದಾರಿ ಅಧಿಕಾರಿಗಳೇ,

ಹಾಲ್ಡನ್‌ಬೆಕ್ ಊರಿನ ಪುಟ್ಟ ಚರ್ಚಿನ ಹಿಂದಿನಿಂದ ಹೊರಟು, ಮೂರು ಹುಲ್ಲುಗಾವಲು ದಾಟಿ, ಡಾರ್ಕಸ್ ಕುರ್ಚಿ ಎಂಬ ಬಂಡೆಯ ಬುಡಕ್ಕೆ ಮುಟ್ಟುವ ದಾರಿ ಸಾರ್ವಜನಿಕರ ದಾರಿಯಲ್ಲ ಎಂದು ಕಳೆದ ತಿಂಗಳು ತಾವು ತೀರ್ಮಾನ ಬರೆದಿರಿ. ಕಾರಣ, ಅಲ್ಲಿ ನಡೆದವರು ಸಭ್ಯರಾಗಿದ್ದರು. ತಾವು ಇದೇ ಮಾತುಗಳಲ್ಲಿ ಹೇಳಿಲ್ಲ, ಒಪ್ಪುತ್ತೇನೆ. "ಸಾಕ್ಷಿಗಳು ಜಮೀನಿನ ಮಾಲೀಕರ ಅನುಮತಿ ಕೇಳಿ ನಡೆದಿರುವುದರಿಂದ ಹಕ್ಕು ಸ್ಥಾಪಿತವಾಗುವುದಿಲ್ಲ" ಎಂದಿದ್ದೀರಿ. ನಾನು ಅದನ್ನು ಸ್ವಲ್ಪ ಬಿಡಿಸಿ ಹೇಳಿದೆ, ಅಷ್ಟೇ.

ಕನ್ನಡದಲ್ಲೇಕೆ ಬರೆದೆ ಎಂದು ತಾವು ಕೇಳಬಹುದು. ಇಂಗ್ಲಿಷಿನಲ್ಲಿ ಏಳು ಪತ್ರ ಬರೆದೆ. ಏಳಕ್ಕೂ ಒಂದೇ ಉತ್ತರ ಬಂತು: ತಮ್ಮ ಪತ್ರ ತಲುಪಿದೆ. ಆ ಉತ್ತರದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ, ಬೇರೆ ಭಾಷೆಯಲ್ಲಿ ನೆರವು ಬೇಕಿದ್ದರೆ ತಿಳಿಸಿ ಎಂದಿತ್ತು. ತಿಳಿಸುತ್ತಿದ್ದೇನೆ. ಇದನ್ನು ಓದಲು ತಾವು ಒಬ್ಬ ಜೀವಂತ ಮನುಷ್ಯನನ್ನು ಹುಡುಕಲೇಬೇಕು. ಈ ವ್ಯವಹಾರದಲ್ಲಿ ಮನುಷ್ಯರ ಪ್ರವೇಶ ಅಲ್ಲಿಂದಲಾದರೂ ಆಗಲಿ.

ತಮ್ಮ ಕಾನೂನು ನನಗೀಗ ಬಾಯಿಪಾಠ. ಇಪ್ಪತ್ತು ವರ್ಷ ಜನ ಒಂದು ದಾರಿಯಲ್ಲಿ ಬೇಲಿ ಮುರಿಯದೆ, ಕದ್ದು ಮುಚ್ಚಿ ಹೋಗದೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆದರೆ ಆ ದಾರಿ ಜನರದ್ದಾಗುತ್ತದೆ. ಮೊದಲೆರಡು ಷರತ್ತು ನಮ್ಮೂರಿಗೆ ಸಲೀಸು. ಮೂರನೆಯದರಲ್ಲಿ ಊರಿಗೆ ಊರೇ ನಪಾಸು. ಇವರು ತಮ್ಮ ಕಾಲು ತುಳಿದವನ ಕ್ಷಮೆಯನ್ನು ತಾವೇ ಕೇಳುವ ಜನ. ಇಂಥವರು ಕೇಳದೆ ನಡೆದಾರೆಯೇ? ಪ್ರತಿ ವರ್ಷ ಈಸ್ಟರ್ ಸೋಮವಾರ ಒಬ್ಬೊಬ್ಬರಾಗಿ ರೈತ ಏಮಸ್ ಗಿಲ್ ಅವರ ಮನೆಗೆ ಹೋಗಿ, ಬಾಗಿಲು ತಟ್ಟಿ, ಕೈಗೊಂದು ಕೇಕ್ ಕೊಟ್ಟು, "ಈ ವರ್ಷವೂ ಕುರ್ಚಿವರೆಗೆ ಹೋಗಿಬರಬಹುದಾ?" ಎಂದು ಕೇಳುವುದು ಇಲ್ಲಿನ ಪದ್ಧತಿಯಾಗಿತ್ತು. ಏಮಸ್ ತೀರಿಕೊಂಡು ಮೂರು ವರ್ಷವಾಯಿತು. ಜಮೀನು ಕೊಂಡ ಹೊಸ ಮಾಲೀಕರು ಕಳೆದ ಅಕ್ಟೋಬರಿನಲ್ಲಿ ಗೇಟಿಗೆ ಬೀಗ ಜಡಿದು, ಬೇಲಿ ಹತ್ತಿಳಿಯುವ ಕಲ್ಲಿನ ತಡಮೆಗೆ ಮುಳ್ಳುತಂತಿ ಸುತ್ತಿದರು. ನಾವು ಹನ್ನೊಂದು ಜನ ತಮ್ಮ ಸಾಕ್ಷಿ ಫಾರಂ ತುಂಬಿ ಕಳಿಸಿದೆವು. "ಎಂದಾದರೂ ಅನುಮತಿ ಕೇಳಿದ್ದಿರಾ?" ಎಂಬ ಪ್ರಶ್ನೆಗೆ ಹತ್ತು ಜನ ಹೆಮ್ಮೆಯಿಂದ "ಹೌದು" ಎಂದು ಗುರುತು ಹಾಕಿದರು. ಕೇಳದೆ ನಡೆದವರೆಂದು ಯಾರಾದರೂ ತಿಳಿದುಕೊಂಡರೆ ಅವಮಾನವಲ್ಲವೇ? ನಡೆದವರಿಗೆ ಅವರ ನಡತೆಯೇ ಮುಳುವಾಯಿತು.

"ಇಲ್ಲ" ಎಂದವಳು ನಾನೊಬ್ಬಳೇ. ಇದರಲ್ಲಿ ನನ್ನ ಧೈರ್ಯವೇನೂ ಇಲ್ಲ. ಕೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳುತ್ತಿರಲಿಲ್ಲ. ಈ ಊರಿಗೆ ಬಂದ ಇಪ್ಪತ್ತೊಂದು ವರ್ಷಗಳಲ್ಲಿ ನಾನು ಯಾರ ಮನೆಯ ಬಾಗಿಲನ್ನೂ ತಟ್ಟಿದವಳಾಗಿರಲಿಲ್ಲ. ನನ್ನ ಯಜಮಾನರು ಇದ್ದಾಗ ಆ ಕೆಲಸ ಅವರದ್ದಾಗಿತ್ತು. ಅವರು ಹೋಗಿ ಎಂಟು ವರ್ಷ. ನಾನು ಇಲ್ಲಿನ ವೃದ್ಧಾಶ್ರಮದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಜೊತೆ ಕೆಲಸ ಮಾಡುತ್ತೇನೆ. ಅವು ಸದ್ದು ಮಾಡುತ್ತವೆ, ಮಾತಾಡುವುದಿಲ್ಲ. ಇನ್ನು ಊರಿನ ಬೀದಿಯಲ್ಲಿ ಇಲ್ಲಿನವರು ಎದುರಾದರೆ ಅಂಗಡಿಯ ಗಾಜು ನೋಡುತ್ತಾ ಸರಿದುಹೋಗುತ್ತಾರೆ. ಆದರೆ ಅದೇ ಜನ ತಡಮೆ ದಾಟಿ ಹುಲ್ಲಿಗೆ ಕಾಲಿಟ್ಟರೆಂದರೆ ಬೇರೆಯೇ ಜನ. ಗುರುತಿರಲಿ ಬಿಡಲಿ, ನಿಂತು ಎರಡು ಮಾತಾಡದೆ ಮುಂದೆ ಹೋಗುವಂತಿಲ್ಲ. "ಗಾಳಿ ಜೋರಾಗಿದೆ." "ಮೇಲೆ ಇನ್ನೂ ಜೋರು." "ಹಳ್ಳ ದಾಟೋ ಕಡೆ ಕೆಸರಿದೆ, ನೋಡ್ಕೊಂಡು ಹೋಗಮ್ಮ." ದಿನಕ್ಕೆ ಮೂರು ನಾಲ್ಕು ಸಲ. ಯಜಮಾನರು ಹೋದ ಮೇಲೆ, ಬೀಗ ಬೀಳುವವರೆಗೆ, ನನ್ನ ದಿನದ ಮಾತುಕತೆ ಇಷ್ಟೇ, ಅದೂ ಆ ದಾರಿಯಲ್ಲೇ. ಉಳಿದ ಮಾತು ಬಂಡೆಯ ಮೇಲೆ ಕುಳಿತು ನಾನೇ ಪ್ರಾಸ ಕೂಡಿಸಿಕೊಂಡು ಹಾಡಿದ್ದು. ಬಂಡೆ ಯಾವ ಪ್ರಾಸಕ್ಕೂ ಬೇಡವೆನ್ನುವುದಿಲ್ಲ. ಬೇಕಿದ್ದರೆ ನಾಲ್ಕು ಮೈಲಿ ಆಚೆ ಬೇರೆ ಕಾಲುದಾರಿಗಳಿವೆ ಎಂದು ಪಟ್ಟಿ ಕಳಿಸಿದ್ದೀರಿ. ಧನ್ಯವಾದ. ಅಲ್ಲಿನ ಕೆಸರು ಎಲ್ಲಿದೆಯೆಂದು ನನಗೆ ಹೇಳುವವರು ಯಾರು?

ಹತ್ತು ಫಾರಂ ಅಪ್ಪಣೆ ಕೇಳಿದ್ದಕ್ಕೆ ಬಿದ್ದುಹೋದವು. ನನ್ನದರ ಬಗ್ಗೆ ತಾವು ಬರೆದದ್ದು: "ಒಬ್ಬ ವ್ಯಕ್ತಿಯ ಬಳಕೆಯನ್ನು ಸಾರ್ವಜನಿಕರ ಬಳಕೆ ಎನ್ನಲಾಗದು." ಸರಿಯಾದ ಮಾತು. ನಾನು ಸಾರ್ವಜನಿಕರಲ್ಲಿ ಒಬ್ಬಳು ಎಂದು ನನಗೂ ಯಾವತ್ತೂ ಅನ್ನಿಸಿರಲಿಲ್ಲ. ಸರ್ಕಾರದ ಕಾಗದದಲ್ಲಿ ನೋಡಿದಾಗ ಮಾತ್ರ ಸ್ವಲ್ಪ ಚುರುಕ್ ಎಂದಿತು.

ತೀರ್ಮಾನ ಬಂದ ವಾರವೇ ಹೊಸ ಮಾಲೀಕರು ನನ್ನ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಬೀಗದ ಕೈ ಹಿಡಿದುಕೊಂಡು, "ನೋಡಿ ಮೇಡಂ, ನಿಮ್ಮೊಬ್ಬರಿಂದ ನನಗೇನೂ ತೊಂದರೆಯಿಲ್ಲ. ಇದು ನಿಮಗೆ. ಯಾವಾಗ ಬೇಕಾದ್ರೂ ಹೋಗ್ಬನ್ನಿ" ಎಂದರು.

"ಉಳಿದವರು?"

"ಅದನ್ನ ಮಾತ್ರ ಕೇಳಬೇಡಿ."

ಆ ಬೀಗದ ಕೈ ತೆಗೆದುಕೊಂಡರೆ ನಾನೂ ಅಪ್ಪಣೆ ಪಡೆದವಳಾಗುತ್ತೇನೆ. ಖಾಲಿ ದಾರಿಯಲ್ಲಿ ನನ್ನ ಹೆಜ್ಜೆಯ ಸದ್ದು ನಾನೇ ಕೇಳುತ್ತಾ ಹೋಗಿ ಬರಬಹುದು. ಒಂಟಿತನಕ್ಕೆ ಅಷ್ಟು ದೂರ ನಡೆಯಬೇಕೇ? ಅದು ಮನೆಯಲ್ಲೇ ಸಿಗುತ್ತದೆ. ಬೇಡವೆಂದು ಕಳಿಸಿಬಿಟ್ಟೆ.

ಮಾರನೆಯ ದಿನ, ಈ ಊರಿನಲ್ಲಿ ಮೊದಲ ಬಾರಿಗೆ, ಒಂದು ಬಾಗಿಲು ತಟ್ಟಿದೆ. ಹತ್ತು ಸಾಕ್ಷಿಗಳಲ್ಲಿ ಒಬ್ಬರಾದ, ಅಂಚೆ ಕಚೇರಿಯ ಮೇಲಿನ ಮನೆಯ ಎನಿಡ್ ಹ್ಯಾರೊಪ್ ಬಾಗಿಲು ತೆಗೆದು ಕನ್ನಡಕ ಸರಿಮಾಡಿಕೊಂಡರು.

"ಅಯ್ಯೋ, ಬಂಡೆ ಮೇಲೆ ಕೂತು ಹಾಡ್ಕೊಳ್ಳೋಳು! ಇಪ್ಪತ್ತು ವರ್ಷ ಬೇಕಾಯ್ತಾ ನಿಂಗೆ ನಮ್ಮನೆ ಬಾಗಿಲು ಹುಡುಕೋಕೆ?"

"ಕೇಳಿಸ್ತಿತ್ತಾ ಹಾಡು?"

"ಕೇಳಿಸ್ದೆ ಏನು? ಕುರಿಗಳೂ ಆಚೆ ಹೊಲಕ್ಕೆ ಹೋಗ್ಬಿಡ್ತಿದ್ವು. ಬಾ ಒಳಗೆ, ಟೀ ಕುಡಿ."

ಏಮಸ್ ಅವರ ಅಪ್ಪಣೆ ಕೇಳುತ್ತಿದ್ದ ವಿಷಯ ತೆಗೆದಾಗ ಎನಿಡ್, "ಅದಕ್ಕೆ ವಿಲ್ಫ್ರೆಡ್‌ನನ್ನೇ ಕೇಳಬೇಕು, ಅರವತ್ತು ವರ್ಷ ತಪ್ಪದೆ ಹೋದೋನು ಅವನು" ಎಂದರು. ವಿಲ್ಫ್ರೆಡ್ ಸ್ಕೇಫ್ ಅವರಿಗೆ ಎಂಬತ್ತನಾಲ್ಕು. ಚಳಿಗಾಲದಿಂದ ನಮ್ಮ ವೃದ್ಧಾಶ್ರಮದಲ್ಲೇ ಇದ್ದಾರೆ. ಅವರ ಅಂಗಿಗಳ ಕಾಲರಿನಲ್ಲಿ ಹೊಲಿದ ಹೆಸರನ್ನು ವಾರಕ್ಕೆರಡು ಸಲ ಇಸ್ತ್ರಿ ಮಾಡುತ್ತಿದ್ದೆ. ಆದರೂ ಮಹಡಿ ಹತ್ತಿ ಹೋಗಿ ಮಾತಾಡಿಸಿದ್ದಿಲ್ಲ. ಹೋದೆ.

"ಏಮಸ್ ಅವರನ್ನ ಪ್ರತಿ ವರ್ಷ ಕೇಳ್ತಿದ್ರಂತಲ್ಲ, ಅವರೇನು ಅಂತಿದ್ರು?"

"ಏನಂತಾನೆ? ಕೇಕ್ ಇಸ್ಕೋತಿದ್ದ. 'ನನ್ನನ್ಯಾಕೋ ಕೇಳ್ತೀಯಾ, ಕೊಡೋಕೆ ಅದೇನು ನಂದಾ? ನಮ್ಮಜ್ಜನ ಕಾಲದಲ್ಲೂ ಜನ ನಡೀತಿದ್ರು. ಗೇಟ್ ಹಾಕ್ಕೊಂಡ್ ಹೋಗು ಸಾಕು' ಅಂತಿದ್ದ. ಪ್ರತಿ ವರ್ಷ ಅದೇ ಮಾತು. ಕೇಕ್ ಮಾತ್ರ ಬೇರೆ ಬೇರೆ."

"ಅಲ್ಲಾ, ಇದನ್ನ ಫಾರಂನಲ್ಲಿ ಯಾಕೆ ಬರೀಲಿಲ್ಲ ನೀವು?"

"ಅವರು ಕೇಳಲೇ ಇಲ್ಲವಲ್ಲಮ್ಮ! ಅನುಮತಿ ಕೇಳಿದ್ಯಾ ಅಂದ್ರು, ಹೌದು ಅಂದೆ. ಅವನೇನಂದ ಅಂತ ಕೇಳ್ಲಿಲ್ಲ. ಕೇಳದೇ ಇದ್ದದ್ದನ್ನ ಬರೆದು ಅಧಿಕಾರಿಗಳ ಹೊತ್ತು ಹಾಳು ಮಾಡೋದು ಚೆನ್ನಾಗಿರುತ್ತಾ?"

"ನಂದಲ್ಲ ಅಂತ ಅವರೇ ಹೇಳಿದ ಮೇಲೂ ಪ್ರತಿ ವರ್ಷ ಯಾಕೆ ಹೋಗಿ ಕೇಳ್ತಿದ್ರಿ?"

ವಿಲ್ಫ್ರೆಡ್ ಅಂಗಿಯ ಕಾಲರ್ ಸರಿಮಾಡಿಕೊಂಡರು. "ಚಿಕ್ಕ ವಯಸ್ಸಲ್ಲೇ ಹೆಂಡತಿ ಸತ್ತು ಒಬ್ಬನೇ ಇದ್ನಲ್ಲಮ್ಮಾ ಅವನು. ಸುಮ್ಮನೆ ಹೋಗಿ ಹೇಗಿದ್ದೀಯ ಅಂತ ಕೇಳೋಕಾಗುತ್ತಾ? ಏನಾದ್ರೂ ಒಂದು ನೆಪ ಬೇಕಲ್ಲ."

ಮಾನ್ಯರೇ, ತಾವು ಅನುಮತಿ ಎಂದು ದಾಖಲಿಸಿದ್ದು ಇದನ್ನು. ಉಳಿದ ಎಂಟು ಮನೆಗಳಿಗೂ ಹೋಗಿ ಬಂದೆ. ಏಮಸ್ ಆಡಿದ್ದು ಇದೇ ಮಾತೆಂದು ಆರು ಜನ ಹೇಳಿದರು. ಇಬ್ಬರಿಗೆ ನೆನಪಿಲ್ಲ. ಕೊಡಲು ತನ್ನದಲ್ಲ ಎಂದು ಮಾಲೀಕನೇ ಹೇಳಿದ್ದನ್ನು ಕೊಟ್ಟ ಎಂದು ಬರೆಯುವುದು ಯಾವ ನ್ಯಾಯ? ಜನ ಕೇಳಿದ್ದಕ್ಕೆ ತಮ್ಮ ಫಾರಂನಲ್ಲಿ ಜಾಗವಿದೆ, ಅವನು ಹೇಳಿದ್ದಕ್ಕೆ ಏಕಿಲ್ಲ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತೀರ್ಮಾನವನ್ನು ಹಿಂದಕ್ಕೆ ಪಡೆಯಿರಿ. ಹತ್ತೂ ಸಾಕ್ಷಿಗಳನ್ನು ಎದುರು ಕೂರಿಸಿಕೊಂಡು ಎರಡನೆಯ ಪ್ರಶ್ನೆಯನ್ನೂ ಕೇಳಿ: "ಅವನೇನಂದ?" ವಿಲ್ಫ್ರೆಡ್ ಅವರಿಂದ ಶುರುಮಾಡಿ. ಭೇಟಿಯ ಸಮಯ ಮಧ್ಯಾಹ್ನ ಎರಡರಿಂದ ನಾಲ್ಕು. ಫಾರಂ ಕಳಿಸಬೇಡಿ, ತಾವೇ ಬನ್ನಿ. ಮೊದಲು ಹವೆಯ ಬಗ್ಗೆ ಮಾತಾಡುತ್ತಾರೆ, ಅವಸರ ಮಾಡಬೇಡಿ. ಆದರೆ ಬರುವುದನ್ನು ಮಾತ್ರ ಬೇಗ ಮಾಡಿ. ಹೋದ ಮಂಗಳವಾರ ಅವರು ನನ್ನನ್ನು ತೀರಿಹೋದ ತಮ್ಮ ತಂಗಿ ಎಂದುಕೊಂಡರು. ಗುರುವಾರ ತಮ್ಮ ಊರಿನ ಹೆಸರು ಮರೆತರು. ಏಮಸ್ ಏನಂದ ಎಂಬುದು ಇನ್ನೂ ನೆನಪಿದೆ. ನಾನು ದಿನಾ ಕೆಲಸ ಮುಗಿಸಿ ಮಹಡಿ ಹತ್ತಿ ಹೋಗಿ ಕೇಳಿ ನೋಡುತ್ತಿದ್ದೇನೆ.

ಇಂತಿ,
ನಡೆಯಲು ದಾರಿಯಿಲ್ಲದೆ ಬರೆಯಲು ಕುಳಿತ,
ನೀಲಾಂಬಿಕೆ
ಹಾಲ್ಡನ್‌ಬೆಕ್