ನಿಮ್ಮ ಬ್ರೇಕಿನ ಪುಣ್ಯ

ಭಾವನವರಿಗೆ ನಮಸ್ಕಾರ. ಈ ಆಸ್ಪತ್ರೆಯಲ್ಲಿ ತಲೆಸುತ್ತಿಗೆ ಮಾತ್ರೆಯ ಜೊತೆ ತೈ ಚಿಯನ್ನೂ ಕಲಿಸುತ್ತಾರೆ. ನೀರೊಳಗೆ ನಡೆದಂತೆ ಬಲು ನಿಧಾನದ ಕಸರತ್ತು. ಮಂಡಿ ಸಡಿಲ ಬಿಡಬೇಕು, ಭುಜ ಇಳಿಸಬೇಕು, ಒಂದು ಕಾಲಿಗೆ ಪೂರ್ತಿ ಭಾರ ಕೊಟ್ಟ ಮೇಲೆಯೇ ಇನ್ನೊಂದನ್ನು ಎತ್ತಬೇಕು. ನಿನ್ನೆ ಕಲಿಸುವ ಅಜ್ಜಿ ಒಬ್ಬೊಬ್ಬರನ್ನೇ ಮೆಲ್ಲಗೆ ತಳ್ಳಿ ನೋಡಿದರು. ಎಲ್ಲರೂ ತೂರಾಡಿದರು, ನಾನು ಅಲ್ಲಾಡಲಿಲ್ಲ.

"ಮುಂಚೆ ಯಾರ ಹತ್ರ ಕಲಿತಿದ್ರಿ?"

"ನಮ್ಮ ಭಾವನ ಹತ್ರ. ಅವರು ಬಸ್ ಓಡಿಸ್ತಾರೆ, ನಾನು ಅದರಲ್ಲೇ ಕಂಡಕ್ಟರು."

ಇನ್ನು ಬಸ್ಸು ಹತ್ತುವುದೇ ಇಲ್ಲ ಎಂದುಕೊಂಡಿದ್ದೆ. ಡಾಕ್ಟರು ಡ್ಯೂಟಿಗೆ ಹೋಗಬಹುದೆಂದು ಬರೆದುಕೊಟ್ಟಿದ್ದಾರೆ. ಅಕ್ಕನಿಗೆ ಹೇಳಿ, ಅಳುವುದು ನಿಲ್ಲಿಸಲಿ. ಇಪ್ಪತ್ತು ವರ್ಷ ನಿಮ್ಮ ಬ್ರೇಕಿಗೆ ಬೈದದ್ದನ್ನೆಲ್ಲ ಈ ಕಾರ್ಡಿನಲ್ಲಿ ವಾಪಸು ತೆಗೆದುಕೊಂಡಿದ್ದೇನೆ. ಜಾಗ ಮುಗಿಯಿತು. ಸೋಮವಾರದಿಂದ ಮತ್ತೆ ಬೈಯುತ್ತೇನೆ.