ಪಾಲಾಕ್ಷನ ಸಾಲುಗಳು

ತರೀಕೆರೆ
ಗುರುವಾರ

ಪ್ರೀತಿಯ ಪಾಲಾಕ್ಷ,

ನಿಮ್ಮಣ್ಣನ ಶಿವಗಣಾರಾಧನೆಯ ದಿನ ನೀನು ಗೇಟಿನವರೆಗೆ ಬಂದು ಹಿಂದಿರುಗಿದೆಯಂತೆ. ಅದನ್ನು ಕೇಳಲು ಈ ಕಾಗದ ಬರೆಯುತ್ತಿಲ್ಲ.

ನೀವಿಬ್ಬರೂ ಅಮೆರಿಕದ ಕಂಟ್ರಿ ಸಂಗೀತದ ಧಾಟಿಯಲ್ಲಿ ಮಾಡುತ್ತಿದ್ದ ಕನ್ನಡ ಆಲ್ಬಮ್ಮಿನ ವಿಷಯ. ಅಣ್ಣ ಒಂದೇ ಸಾಲನ್ನು ಹದಿನಾಲ್ಕು ಸಲ ಹಾಡಿಸಿದರೆಂದು ನೀನು ಹೆಡ್‌ಫೋನ್ ಎಸೆದು ಅಜ್ಜಂಪುರದ ಬಸ್ಸು ಹತ್ತಿದೆ. ತೀರಿಕೊಳ್ಳುವ ಒಂದು ವಾರ ಮೊದಲು ನಿಮ್ಮಣ್ಣ ತಮ್ಮ ಪಾಲಿನದನ್ನೆಲ್ಲ ಹಾಡಿ ಮುಗಿಸಿದ್ದಾರೆ. ನಿನ್ನ ಸಾಲು ಬರುವಲ್ಲೆಲ್ಲ ಬರೀ ಗಿಟಾರ್ ಇದೆ. ಬೇರೆಯವರಿಂದ ಹಾಡಿಸೋಣ ಎಂದ ಸ್ಟುಡಿಯೋ ರೇವಣ್ಣನಿಗೆ, "ಅದು ಅವನ ಜಾಗ ಕಣಯ್ಯ, ಬತ್ತಾನೆ" ಎಂದು ಗದರಿದ್ದರಂತೆ.

ಸೋಮವಾರ ಸ್ಟುಡಿಯೋ ಖಾಲಿಯಿದೆ. ಬೆಳಗಿನ ಬಸ್ಸಿಗೆ ಬಾ. ಹಿಂದಿನ ದಿನ ಮೊಸರು ತಿನ್ನಬೇಡ, ನಿನಗೆ ಗಂಟಲು ಕಟ್ಟುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ಕೊನೆಯ ಹಾಡಿನಲ್ಲಿ, ನಿನ್ನ ಸಾಲಿಗೆ ಮುಂಚೆ, ಹೆಡ್‌ಫೋನಿನಲ್ಲಿ ನಿಮ್ಮಣ್ಣನ ಮಾತು ಕೇಳುತ್ತದೆ: "ಲೇ ಪಾಲಾಕ್ಷ, ಹೆಂಗ್ ಹಾಡಿದ್ರೂ ಸರಿ ಕಣೋ. ಹಾಡು."

ಆಲ್ಬಮ್ಮಿನಲ್ಲಿ ಅದನ್ನು ಅಳಿಸಬೇಕಂತೆ. ನೀನು ಕೇಳುವವರೆಗೆ ಮುಟ್ಟಬೇಡಿ ಎಂದಿದ್ದೇನೆ.

ನಿನ್ನ ಅತ್ತಿಗೆ,
ಕಾತ್ಯಾಯನಿ