ನಡುಗುವ ನೆಲ

ಭಾನುವಾರ, ಜುಲೈ ೧೪

ಪ್ರೀತಿಯ ಭಾವನವರಿಗೆ ನಮಸ್ಕಾರಗಳು.

ನಿಮ್ಮ ಕಾರ್ಡು ತಲುಪಿ ಮೂರು ವಾರವಾಯಿತು. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಆದರೆ ಸೋಮಾರಿತನದಿಂದ ತಡಮಾಡಿದೆನೆಂದು ತಿಳಿಯಬೇಡಿ. ಆಧಾರವಿಲ್ಲದೆ ವಾದ ಹೂಡುವ ಅಭ್ಯಾಸ ನನಗಿಲ್ಲವೆಂಬುದನ್ನು ನೀವು ಬಲ್ಲಿರಿ. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಮೊಣಕಾಲು ಮಾತ್ರ ಕೊಂಚ ಮುನಿಸಿಕೊಂಡಿದೆ. ಕಾರಣ ಮುಂದೆ ಬರುತ್ತದೆ.

ಅಕ್ಕ ತೀರಿಕೊಂಡ ಮೇಲೆ ನಮ್ಮ ಇಂಗ್ಲಿಷ್-ಕನ್ನಡ ಶಾಲಾ ನಿಘಂಟಿನ ಕೆಲಸ ಸಾಕೆನಿಸಿದೆಯೆಂದೂ, ನಿಮ್ಮ ಪಾಲಿನ ಪುಟಗಳನ್ನು ಬೇರೆ ಯಾರಿಗಾದರೂ ಒಪ್ಪಿಸಬೇಕೆಂದೂ ಬರೆದಿದ್ದೀರಿ. ಮುದ್ರಣಾಲಯದವನು ದಿನ ಬಿಟ್ಟು ದಿನ ಬಾಗಿಲಲ್ಲಿ ನಿಲ್ಲುತ್ತಾನೆ. “ಎಲ್ಲಾ ಅಕ್ಷರ ರೆಡಿ ಸಾರ್. ಒಂದು ಕ್ಯೂಗೋಸ್ಕರ ನಾನೇ ಕ್ಯೂನಲ್ಲಿ ನಿಂತಿದ್ದೀನಿ,” ಎನ್ನುತ್ತಾನೆ. ಈ ತಿಂಗಳು ದಾಟಿದರೆ ಅಚ್ಚು ಕೈಬಿಡುತ್ತಾನಂತೆ. ಮೊನ್ನೆ ನಿಮ್ಮ ಮಗಳು ಫೋನು ಮಾಡಿ, “ಅಪ್ಪ ಕಿಟಕಿ ಪಕ್ಕ ಕೂತ್ರೆ ಕೂತೇ ಇರ್ತಾರೆ ಮಾವ. ಊಟಕ್ಕೆ ಕರೆದ್ರೆ ಹೂಂ ಅಂತಾರೆ, ಏಳಲ್ಲ,” ಎಂದಳು. ನೀವು ‘ಕ್ವಾಗ್‌ಮೈರ್’ ಎಂಬ ಪದಕ್ಕೆ ಬಂದು ನಿಂತಿದ್ದೀರೆಂದು ತಿಳಿಸಿದವಳೂ ಅವಳೇ.

ವಸ್ತುವನ್ನು ಕಣ್ಣಾರೆ ಕಾಣದೆ ಅರ್ಥ ಬರೆಯಬಾರದೆಂಬುದು ನಮ್ಮ ಕಟ್ಟಳೆಯಷ್ಟೆ. ‘ಕಿಲ್ನ್’ ಪದಕ್ಕೆ ‘ಗೂಡು’ ಎಂಬ ಒಂದು ಅರ್ಥಕ್ಕಾಗಿ ಇಟ್ಟಿಗೆ ಸುಡುವಲ್ಲಿ ಅರ್ಧ ದಿನ ನಿಂತು ಹುಬ್ಬು ಸುಟ್ಟುಕೊಂಡವರು ನೀವು. ಆದುದರಿಂದ ನಿಮ್ಮ ಪರವಾಗಿ ನಾನೇ ಹೊರಟೆ. ಇಲ್ಲಿಯ ಹೆಂಚಿನ ಕಾರ್ಖಾನೆಯ ಹಿಂದೆ, ಮಣ್ಣು ತೆಗೆದ ಹೊಂಡವೊಂದು ಹೂಳು ತುಂಬಿ, ಮೇಲೆ ಹುಲ್ಲು ಹಬ್ಬಿ, ಆಟದ ಬಯಲಿನಂತೆ ಕಾಣುತ್ತದೆ. ನನ್ನಾಕೆಯೂ ಜೊತೆಗೆ ಬಂದಳು.

ನೋಡಿ ಮರಳಿದ್ದರೆ ಸಾಕಿತ್ತು. ‘ಕೆಸರು’ ಸಾಕೋ, ‘ಹುದುಲು’ ಎನ್ನಬೇಕೋ ಎಂದು ನಿರ್ಧರಿಸಲು ಒಂದು ಕಾಲಿಟ್ಟೆ. ಸುತ್ತಲಿನ ಹುಲ್ಲೆಲ್ಲ ಅಲುಗಿತು. ಸಂತೋಷದ ಭರದಲ್ಲಿ ಎರಡನೆಯ ಕಾಲನ್ನೂ ಇಟ್ಟೆ.

“ಮೇಷ್ಟ್ರೇ, ಅದು ನಿಮ್ಮ ಮಾತು ಕೇಳೋ ಹುಡುಗ ಅಲ್ಲ. ಈಚೆ ಬನ್ನಿ,” ಎಂದಳು ದಡದಲ್ಲಿದ್ದ ನನ್ನಾಕೆ.

“ತಾಳು, ನಡುಗ್ತಾ ಇದೆ. ಹುದುಲೇ ಇದು, ಸಂಶಯ ಇಲ್ಲ.”

“ಸಂಶಯ ತೀರೋ ಹೊತ್ತಿಗೆ ನೀವೂ ತೀರ್ತೀರ.”

ಅಷ್ಟರಲ್ಲಿ ಮೊಣಕಾಲಿನವರೆಗೆ ಇಳಿದಿದ್ದೆ. ಒಂದು ಕಾಲು ಕೀಳಹೋದರೆ ಇನ್ನೊಂದು ಹೂತುಕೊಳ್ಳುತ್ತಿತ್ತು. ಅಲುಗದೆ ನಿಂತು ನೋಡಿದೆ. ಆಗಲೂ ಇಳಿಯುತ್ತಲೇ ಇದ್ದೆ, ನಿಧಾನವಾಗಿ, ಅಷ್ಟೇ ವ್ಯತ್ಯಾಸ. ಒದ್ದಾಡುವವನು ಮುಳುಗುತ್ತಾನೆಂದು ಎಲ್ಲರೂ ಬರೆದಿದ್ದಾರೆ. ಸುಮ್ಮನೆ ನಿಂತವನ ಗತಿಯನ್ನು ಯಾರೂ ಬರೆದಿಲ್ಲ. ಕೊನೆಗೆ ಅವಳು ಹೆಂಚು ಒಣಗಿಸುವ ಹಲಗೆಯೊಂದನ್ನು ಎಳೆತಂದು ಮುಂದೆ ಹಾಸಿ, “ಮರ್ಯಾದೆ ಆಮೇಲೆ ನೋಡ್ಕೊಳ್ಳಿ, ಮೊದಲು ಬೋರಲು ಮಲಗಿ,” ಎಂದಳು. ಜೀವಮಾನವೆಲ್ಲ ಮಕ್ಕಳಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿದವನು ಹಲ್ಲಿಯಂತೆ ತೆವಳಿ ಹೊರಬಂದೆ. ಬಲಗಾಲಿನ ಚಪ್ಪಲಿ ನಿಘಂಟಿಗೆ ಅರ್ಪಿತವಾಯಿತು. ಅಕ್ಕ ಹೋದಂದಿನಿಂದ ಮಂಕಾಗಿದ್ದ ನನ್ನಾಕೆ ದಾರಿಯುದ್ದಕ್ಕೂ ನಕ್ಕಳು, ನಾನೂ ನಕ್ಕೆ. ಮನೆಗೆ ಬಂದು ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಮೊದಲನೆಯ ಅರ್ಥವನ್ನು ಹೀಗೆ ಬರೆದಿದ್ದೇನೆ: ‘ಹುದುಲು, ಮೇಲೆ ಗಟ್ಟಿಯಾಗಿ ತೋರಿ, ಕಾಲಿಟ್ಟೊಡನೆ ನಡುಗಿ ಒಳಕ್ಕೆಳೆಯುವ ನೆಲ.’ ತಪ್ಪಿದ್ದರೆ ತಿದ್ದಿ. ಬದುಕಿಗೆ ಅನ್ವಯಿಸುವ ಲಾಕ್ಷಣಿಕ ಅರ್ಥವನ್ನು ಮಾತ್ರ ಬರೆದಿಲ್ಲ. ‘ಬಿಡಿಸಿಕೊಳ್ಳಲಾಗದ ಸ್ಥಿತಿ’ ಎಂದು ಬೇರೆ ನಿಘಂಟುಗಳು ಹೇಳುತ್ತವೆ, ನನಗೆ ಒಪ್ಪಿಗೆಯಿಲ್ಲ. ಕಂಡವರೇ ಬರೆಯಬೇಕಾದ ಅರ್ಥವದು. ಸದ್ಯಕ್ಕೆ ಅದರ ನಡುವೆ ನಿಂತಿರುವವರು ನೀವು. ಬುಧವಾರ ನಾವಿಬ್ಬರೂ ನಿಮ್ಮಲ್ಲಿಗೆ ಬರುತ್ತಿದ್ದೇವೆ. ಬಾಗಿಲನ್ನು ಮಗಳಲ್ಲ, ನೀವೇ ಎದ್ದು ತೆಗೆಯತಕ್ಕದ್ದು.

ಮಗಳಿಗೆ ಈ ಮಾವನ ಆಶೀರ್ವಾದ ತಿಳಿಸಿ. ನಿಮ್ಮ ಆಶೀರ್ವಾದ ನಮ್ಮಿಬ್ಬರಿಗೂ ಬೇಕು.

ಇತಿ ನಿಮ್ಮ
ಭಾವಮೈದುನ

ಮರೆತದ್ದಲ್ಲ, ಹಿಂಜರಿದ ಮಾತು: ಕಾರ್ಡಿನಲ್ಲಿ ನನ್ನನ್ನು ‘ಮಾನ್ಯರೇ’ ಎಂದು ಸಂಬೋಧಿಸಿದ್ದೀರಿ. ಪ್ರಯೋಗದಲ್ಲಿ ದೋಷವಿಲ್ಲ. ಆದರೆ ಅಕ್ಕ ನನ್ನನ್ನು ‘ಚಿಕ್ಕಾ’ ಎನ್ನುತ್ತಿದ್ದಳು. ನಮ್ಮ ಮನೆಯ ಅಳಿಯನಾದಂದಿನಿಂದ ನೀವೂ ಹಾಗೆಯೇ ಕರೆದಿರಿ. ಎಪ್ಪತ್ತು ದಾಟಿದವನನ್ನು ಹಾಗೆ ಕರೆಯಬಲ್ಲವರು ಈಗ ಲೋಕದಲ್ಲಿ ನೀವೊಬ್ಬರೇ. ಅಕ್ಕನ ಜೊತೆಗೆ ಆ ಹೆಸರೂ ಹೋಯಿತೇನೋ ಎಂದು ಕಾರ್ಡು ಬಂದಂದಿನಿಂದ ಹೆದರಿಕೊಂಡಿದ್ದೇನೆ, ಭಾವ.